ಮೂರು ರಾತ್ರಿಯ ಮೋಡ

ಕೋಣೆ ೨೧೪, ಕಾಲೇಜು ಹಾಸ್ಟೆಲ್
ಮಾರ್ಚ್ ೬, ಬುಧವಾರ

ಪ್ರೀತಿಯ ಅಮ್ಮಾ,

ಸಾರಿ. ಭಾಷಣದ ತಯಾರಿಯಲ್ಲಿರುವ ನಿನಗೆ ಈಗ ಪತ್ರ ಬರೆಯಬಾರದಿತ್ತು. ಫೋನಿನಲ್ಲಾದರೆ ಅರ್ಧಕ್ಕೇ ಅಳು ಬಂದು ಕಟ್ ಮಾಡಿಬಿಡುತ್ತೇನೆ, ಅದಕ್ಕೇ ಕಾಗದ. ಮಂಡಿನೋವು ಹೇಗಿದೆ? ವೀಕ್ಷಣಾಲಯದ ಬೆಟ್ಟದ ಮೇಲೆ ಇನ್ನೂ ಚಳಿಯೇ? ಬಿಸ್ಕೆಟ್ ತಿಂದು ಊಟವಾಯಿತು ಅನ್ನಬೇಡ. ನಾನು ಚೆನ್ನಾಗಿದ್ದೇನೆ. ಮ್ಯಾಥ್ಸ್ ಟೆಸ್ಟಿನಲ್ಲಿ ಜಸ್ಟ್ ಪಾಸ್. ನಿದ್ದೆ ಮಾತ್ರ ಸರಿಯಾಗಿ ಬರುತ್ತಿಲ್ಲ.

ನಮ್ಮ ಫಿಸಿಕ್ಸ್ ಮೇಷ್ಟ್ರು ಒಂದು ಅಸೈನ್‌ಮೆಂಟ್ ಕೊಟ್ಟರು. ದೂರದರ್ಶಕಗಳ ಹಳೆಯ ಡೇಟಾದಿಂದ ಒಂದು ನಕ್ಷತ್ರ ಆರಿಸಿ, ಅದರ ಸುತ್ತ ಗ್ರಹವಿದೆಯೇ ನೋಡಬೇಕು. ನಾನು ಹಿಂದೆಮುಂದೆ ನೋಡದೆ ನಿನ್ನ ನಕ್ಷತ್ರವನ್ನೇ ಆರಿಸಿದೆ. ಇಪ್ಪತ್ತನೇ ತಾರೀಕು ನೀನು ಅಷ್ಟು ವಿಜ್ಞಾನಿಗಳ ಮುಂದೆ ನಿಂತು ನಿನ್ನ ಗ್ರಹದ ಪರ ವಾದಿಸುವ ಮೊದಲು, ಚೆಂದದ ಗ್ರಾಫ್ ಮಾಡಿ ಕಳಿಸೋಣ ಅಂತಿದ್ದೆ. ಅಲ್ಲಿ ನೀರಿರಬಹುದು, ಜೀವವೂ ಇರಬಹುದು ಅನ್ನುತ್ತಾ ನೀನು ಅದನ್ನು 'ನಿನ್ನ ತಂಗಿ' ಅಂತಲೇ ಕರೆಯುತ್ತಿದ್ದೆಯಲ್ಲ. ಸ್ಕೂಲ್ ಹಾಸ್ಟೆಲಿನಲ್ಲಿ ಪಕ್ಕದ ಮಂಚದವಳು, "ನಿಮ್ಮಮ್ಮಂಗೆ ಏಲಿಯನ್ ಸಿಕ್ರೆ ನಿನ್ನ ಯಾರೇ ಕೇಳ್ತಾರೆ?" ಅನ್ನುತ್ತಿದ್ದಳು. ನಾನೂ ನಕ್ಕು, ಆಮೇಲೆ ಬಾತ್‌ರೂಮಿನಲ್ಲಿ ಅಳುತ್ತಿದ್ದೆ. ಆ ತಂಗಿಯ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು.

ಅಮ್ಮಾ, ಅದು ಅಲ್ಲಿಲ್ಲ. ನಾನು ಎಂಟನೇ ಕ್ಲಾಸಿನಲ್ಲಿದ್ದ ವರ್ಷ ನೀನು ನೋಡಿದ ನಲವತ್ತು ರಾತ್ರಿಗಳ ಮೇಲೆ ಆ ಗ್ರಹ ನಿಂತಿದೆ. ನಡುವೆ ಮೂರು ರಾತ್ರಿ ಖಾಲಿ. ಪಕ್ಕದ ಬೆಟ್ಟದ ದೂರದರ್ಶಕದವರೂ ಆಗ ಅದೇ ನಕ್ಷತ್ರ ನೋಡಿದ್ದಾರೆ, ಅವರ ಡೇಟಾ ಹೋದ ತಿಂಗಳಷ್ಟೇ ಹೊರಬಂತು. ಅದನ್ನು ಖಾಲಿ ಜಾಗಕ್ಕೆ ತುಂಬಿದರೆ ಬೆಳಕಿನ ಏರಿಳಿತ ಗ್ರಹದ ಲೆಕ್ಕಕ್ಕೆ ಕೂಡುವುದೇ ಇಲ್ಲ, ಗ್ರಹ ಮಾಯ. ನಾಲ್ಕು ಸಲ ಮಾಡಿದೆ. ತಪ್ಪು ನನ್ನದೇ ಇರಲಿ ಅಂತ ಬೇಡಿಕೊಂಡು ಮೇಷ್ಟ್ರಿಗೆ ತೋರಿಸಿದೆ. ನೀನು ನನ್ನ ಅಮ್ಮ ಅಂತ ಅವರಿಗೆ ಗೊತ್ತಿಲ್ಲ. "ಭೇಷ್ ಕಣಮ್ಮ. ಪಾಪ, ಆ ಮೇಡಂ ಇಷ್ಟು ವರ್ಷ ನಕ್ಷತ್ರದ ಮೈಮೇಲಿನ ಕಲೇನೇ ಗ್ರಹ ಅಂದ್ಕೊಂಡಿದಾರೆ," ಅಂದರು. ಥ್ಯಾಂಕ್ಯೂ ಸರ್ ಅಂದು ಹೊರಗೆ ಬಂದೆ.

ಆ ಮೂರು ರಾತ್ರಿಗೆ ನಿನ್ನ ದಾಖಲೆಯಲ್ಲಿ 'ಮೋಡ' ಅಂತಿದೆ. ಪಕ್ಕದವರದರಲ್ಲಿ 'ಆಕಾಶ ಶುಭ್ರ'. ತಾರೀಕು ನೋಡಿದೆ. ನನಗೆ ಕಾಮಾಲೆಯಾಗಿ ಸಿಕ್ ರೂಮಿನಲ್ಲಿ ಮಲಗಿದ್ದಾಗ, ನೀನು ಕಬ್ಬಿಣದ ಕುರ್ಚಿಯಲ್ಲಿ ಕೂತು ನನ್ನ ಕಾಲೊತ್ತಿದ ದಿನಗಳು ಅವು. "ರಜ ಸಿಕ್ತು ಮರಿ," ಅಂದಿದ್ದೆ. ಹಾಗೆ ಬಿಟ್ಟುಬಂದವರಿಗೆ ದೂರದರ್ಶಕ ಮತ್ತೆ ಕೊಡುವುದಿಲ್ಲ ಅಂತ ಈಗ ಮೇಷ್ಟ್ರಿಂದ ತಿಳಿಯಿತು. ಅದಕ್ಕೇ 'ಮೋಡ' ಅಂತ ಬರೆದೆ, ಅಲ್ವಾ? ನಾನೋ, ಮೂರೇ ದಿನಕ್ಕೆ ಹೊರಟುಬಿಟ್ಟಳಲ್ಲ ಅಂತ ಒಂದು ತಿಂಗಳು ನಿನ್ನ ಜೊತೆ ಮಾತು ಬಿಟ್ಟಿದ್ದೆ.

ಮಾತ್ರೆ ತಪ್ಪಿಸಬೇಡ. ಜೀಪಿನ ಡ್ರೈವರ್ ಅಂಕಲ್‌ಗೆ ನಾನು ಕೇಳಿದೆ ಅಂತ ಹೇಳು.

ನಿನ್ನ
ಚುಮ್ಮಿ

ವಿ.ಸೂ.: ನನ್ನ ರಿಪೋರ್ಟನ್ನು ಮೇಷ್ಟ್ರು ನಿನ್ನ ಇಪ್ಪತ್ತನೇ ತಾರೀಕಿನ ಸಭೆಯವರಿಗೇ ಕಳಿಸುತ್ತಾರಂತೆ. ಗ್ರಾಫ್ ಇನ್ನೂ ನೀಟಾಗಿಲ್ಲ ಅಂತ ಸುಳ್ಳು ಹೇಳಿ ಹದಿನೆಂಟರವರೆಗೆ ಟೈಮ್ ತೆಗೆದುಕೊಂಡಿದ್ದೇನೆ. ಅಷ್ಟರೊಳಗೆ ನೀನೇ ಹೇಳಿಬಿಡು ಅಮ್ಮಾ, ಗ್ರಹ ಇಲ್ಲ ಅಂತ. ಬೇರೆಯವರ ಬಾಯಲ್ಲಿ ಬರುವುದು ಬೇಡ, ಅದರಲ್ಲೂ ನನ್ನ ಬಾಯಲ್ಲಿ. ಹೇಳುತ್ತೀಯೋ ಇಲ್ಲವೋ, ಎರಡು ಸಾಲು ಬೇಗ ಬರೆ.