ಎಂಟು ಬರೋ ನಂಬರ್

ಕ್ಯಾತ್ಸಂದ್ರ
ಭಾನುವಾರ

ಶಿವರಾಮಯ್ಯನವರಿಗೆ ನಮಸ್ಕಾರ.

ಮಾವ ಅಂತ ಬರೆಯೋಕೆ ಇವತ್ತು ಮನಸ್ಸು ಬರ್ತಿಲ್ಲ. ನಿಶ್ಚಿತಾರ್ಥದ ದಿನ ನನ್ನ ಮೊಬೈಲ್ ನಂಬರ್ ಬರ್ಕೊಂಡ್ರಿ, ಫೋನ್ ಮಾಡೋಕೆ ಅನ್ಕೊಂಡೆ. ನೀವು ಕುಣಿಗಲ್ ಜೋಯಿಸರಿಗೆ ತೋರಿಸಿದ್ರಿ. ಅಂಕಿಗಳನ್ನ ಕೂಡ್ತಾ ಹೋದ್ರೆ ಕೊನೆಗೆ ಎಂಟು ಬರುತ್ತೆ, ಅದು ಶನಿ, ಮನೆಗೆ ಆಗಿಬರಲ್ಲ ಅಂತ, ಆರು ಬರೋ ಹೊಸ ಸಿಮ್ ಕಳಿಸಿದೀರಿ.

ನಾನು ಕಾಲೇಜಲ್ಲಿ ಗಣಿತ ಪಾಠ ಮಾಡೋಳು. ಎಂಟು ಬಂತು ಅಂದ್ರೆ, ಆ ಸಂಖ್ಯೆನ ಒಂಬತ್ತರಿಂದ ಭಾಗಿಸಿದಾಗ ಎಂಟು ಉಳಿಯುತ್ತೆ, ಅಷ್ಟೇ. ಶನಿ ಉಳಿಯಲ್ಲ. ನನ್ನ ಹತ್ತಂಕಿಯ ಸಂಖ್ಯೆ ಅವಿಭಾಜ್ಯ. ಒಂದನ್ನೂ ತನ್ನನ್ನೂ ಬಿಟ್ರೆ ಅದನ್ನ ಶೇಷವಿಲ್ಲದೆ ಭಾಗಿಸೋ ಸಂಖ್ಯೆನೇ ಇಲ್ಲ. ಕಂಪ್ಯೂಟರಲ್ಲಿ ಪರೀಕ್ಷೆ ಮಾಡಿದೀನಿ. ನೀವು ಕಳಿಸಿದ್ದು ಬರೀ ಮೂರಕ್ಕೇ ಭಾಗವಾಗಿ ಹೋಗುತ್ತೆ.

ಸಿಮ್ ಇದೇ ಕವರಲ್ಲಿದೆ. ದಯವಿಟ್ಟು ಬಿಸಾಕಬೇಡಿ, ನಿಮ್ಮ ಮಗ ಲೋಹಿತ್ ಅವರಿಗೆ ಕೊಡಿ. ಅವರ ನಂಬರನ್ನೂ ಕೂಡಿ ನೋಡಿದೆ. ಅದಕ್ಕೂ ಎಂಟೇ ಬರುತ್ತೆ. ಇಷ್ಟು ವರ್ಷ ನಿಮ್ಮ ಮನೇಲೇ ರಿಂಗ್ ಆಗಿದೆ, ಯಾರಿಗೂ ಅದನ್ನ ಕೂಡಬೇಕು ಅನ್ನಿಸಲಿಲ್ಲ.

ಇಂತಿ,
ಹಳೇ ನಂಬರಿನ
ಇಂಪನಾ