ಕೇಬಲ್ಲಿಗೆ ಹಾಕದ ಕ್ಲಿಪ್

ಜುಲೈ 14, 2004. ಬಾಲಿಗಂಜ್.

ಅಲ್ಲ, ಲಾರಿಯ ಆ ಇಂಗ್ಲಿಷ್ ಕೈಪಿಡಿ ಓದಿ ಹೇಳಿದವನು ನಾನೇ ತಾನೇ? ಹ್ಯಾಂಡ್‌ಬ್ರೇಕಿನ ಕೇಬಲ್ ಅಡಿಚೌಕಟ್ಟಿಗೆ, ಅಂದರೆ ಚಾಸಿಗೆ, ತಾಗಿದರೆ ‘ಚೇಫ್’ ಆಗುತ್ತದೆ ಎಂದಿತ್ತು. ಕಾಲೇಜಿನ ಇಂಗ್ಲಿಷ್ ನಂಬಿ ಅಚ್ಚಿನ ತಪ್ಪು, ‘ಸೇಫ್’ ಇರಬೇಕು ಎಂದುಕೊಂಡೆ. “ಕೇಬಲ್ ತಾಗದಂತೆ ಹಿಡಿಯುವ ಕ್ಲಿಪ್ ಬೇಡ ನಿಮಾಯ್, ತುಕ್ಕಿಗೆ ಬಣ್ಣ ಬಳಿ, ಸಾಕು” ಎಂದು ಡ್ರೈವರಿಗೆ ಹೇಳಿದೆ. ಇವತ್ತು ಹ್ಯಾಂಡ್‌ಬ್ರೇಕಿನ ಕೇಬಲ್ ತುಂಡಾಗಿ, ಲಾರಿ ಹಿಂದೆ ಜಾರಿ ಗೋದಾಮಿನ ಗೇಟು ಮುರಿಯಿತು. ಮ್ಯಾನೇಜರು ನಿಮಾಯ್‌ನನ್ನು ಕೆಲಸದಿಂದ ತೆಗೆದರು. ಗುಮಾಸ್ತನಾದ ನಾನು ಪಕ್ಕದಲ್ಲೇ ನಿಂತು ಮುರಿದ ಗೇಟಿನ ಲೆಕ್ಕ ಬರೆದುಕೊಳ್ಳುತ್ತಿದ್ದೆ. ಅವನೋ ನನ್ನನ್ನು ಅಣ್ಣನೆಂದೇ ಕರೆದು, “ದಾದಾ, ನಿಮ್ಮ ಇಂಗ್ಲಿಷ್ ಜೋರು. ನನ್ನ ಹೆಸರಲ್ಲಿ ಒಂದು ಮಾಫಿ ಅರ್ಜಿ ಬರೆದುಕೊಡಿ” ಎಂದ. ಮನೆಗೆ ಬಂದು ಡಿಕ್ಷನರಿ ತೆಗೆದೆ. ಚೇಫ್ ಎಂದರೆ ಉಜ್ಜಿ ಸವೆಯುವುದು! ನನ್ನಾಕೆ ಬದುಕಿದ್ದರೆ ಮುಖ ನೋಡಿಯೇ ನನ್ನ ತಪ್ಪು ಕಂಡುಹಿಡಿಯುತ್ತಿದ್ದಳು. ಅರ್ಜಿಯಲ್ಲಿ ‘ತಪ್ಪು ನನ್ನದು’ ಎಂದು ಬರೆದು, ಕೆಳಗೆ ನನ್ನ ಹೆಸರನ್ನೇ ಹಾಕಿದ್ದೇನೆ. ಸಹಿಯೊಂದು ಬಾಕಿ. ಕಿಟಕಿಯ ಬೆಳಕು ಹೋಗುತ್ತಿದೆ, ಅದಕ್ಕೆ ಮೊದಲು ಅದನ್ನೂ ಹಾಕಿಬಿಡಬೇಕು.