ಬಾಗಿಲ ಹೊರಗಿನವರು

॥ ಶ್ರೀ ಪಂಪಾಪತಿ ಪ್ರಸನ್ನ ॥

ಕಂಪ್ಲಿ
ತಾ. 12-3-2007

ಚಿ. ಸೌ. ಶೈಲಜಾಳಿಗೆ ನಿನ್ನ ಸೋದರಮಾವ ಎರ್ರಿಯಪ್ಪನ ಮನಸಾರೆ ಆಶೀರ್ವಾದಗಳು.

ಸಂಡೂರಿನಲ್ಲಿ ಎಲ್ಲರೂ ಹೇಗಿದ್ದೀರಿ? ನಮ್ಮ ಕೊಟ್ರಮ್ಮಕ್ಕನ ಮೊಣಕಾಲು ಹೇಗಿದೆ? ನಿಮ್ಮತ್ತೆ ಜಂಬವ್ವ ಕಾಸಿ ಕಳಿಸಿದ ಎಣ್ಣೆಯನ್ನು ನಿನ್ನ ಅವ್ವ ಹಚ್ಚಿಕೊಳ್ಳುತ್ತಾಳೋ, ಶೀಶೆಯನ್ನು ದೇವರ ಮುಂದಿಟ್ಟು ಕೈ ಮುಗಿಯುತ್ತಾಳೋ ನೋಡು. ಅಳಿಯಂದಿರು ಶಂಭುಲಿಂಗ ಅವರ ಕೆಮ್ಮು ಕಡಿಮೆಯಾಯಿತೇ? ಅದಿರಿನ ಟಿಪ್ಪರ್‌ಗಳ ಹಿಂದೆ ದಿನವೆಲ್ಲ ಓಡಾಡುವವರು ಮೂಗಿಗೆ ವಸ್ತ್ರ ಕಟ್ಟಿಕೊಳ್ಳಬೇಕು. ನಾನು ಹೇಳಿದರೆ ಅವರಿಗೆ ಸಿಟ್ಟು, ನೀನು ಹೇಳು. ಕೂಸು ಸಿಂಚನಾಳ ತುಟಿ ಮಾಯಿತೇ? ಇದನ್ನು ಎಲ್ಲಕ್ಕಿಂತ ಮೊದಲು ಕೇಳಬೇಕಿತ್ತು. ಕೈ ಬರಲಿಲ್ಲ, ಕೊನೆಗೆ ಕೇಳಿದ್ದೇನೆ.

ನಾವು ಇಲ್ಲಿ ಇದ್ದೇವೆ. ಆಲೆಮನೆ ಈ ವರ್ಷಕ್ಕೆ ಇನ್ನೇನು ಮುಗಿಯುತ್ತ ಬಂತು. ಕಬ್ಬಿನ ಗಾಡಿಗಳು ಕಡಿಮೆಯಾಗಿವೆ. ಆಳುಗಳೆಲ್ಲ ಮೈನ್ಸಿನ ಕಡೆ ಹೋದಮೇಲೆ ಕೊಪ್ಪರಿಗೆಯ ಮುಂದೆ ನಾನೇ ನಿಲ್ಲುತ್ತೇನೆ. ಪಾಕ ಹದಕ್ಕೆ ಬರುವ ತನಕ ಆ ಕಡೆ ಈ ಕಡೆ ಸರಿಯುವಂತಿಲ್ಲ. ಸರಿದರೆ ಸೀಯುತ್ತದೆ. ಸುಮ್ಮನೆ ಹೇಳಿದೆ.

ನಿನಗೆ ಎರಡು ಸಲ ಫೋನು ಮಾಡಿದೆ. ಎರಡು ಸಲವೂ ಅಳಿಯಂದಿರು ಎತ್ತಿ, ನನ್ನ ದನಿ ಕೇಳಿ ಇಟ್ಟುಬಿಟ್ಟರು. ಕಾಗದಕ್ಕೆ ದನಿ ಇಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಶಾಲೆಯ ಕಟ್ಟೆ ಹತ್ತಿದವನಲ್ಲ ನಾನು. ಬೆಲ್ಲದ ಮೂಟೆಯ ಮೇಲೆ ಊರು ಹೆಸರು ಬರೆಯುತ್ತ ಅಕ್ಷರ ಕಲಿತವನು. ತಪ್ಪಿದ್ದರೆ ಸರಿಮಾಡಿಕೊಂಡು ಓದು. ಪೂರ್ತಿ ಓದಿ ಆಮೇಲೆ ಹರಿದು ಹಾಕಿದರೂ ಚಿಂತೆಯಿಲ್ಲ.

ಮೊನ್ನೆ ಅಕ್ಕ ನಮ್ಮ ಪಕ್ಕದ ಮನೆಯ ಪಾಲಯ್ಯನ ಮೊಬೈಲಿಗೆ ಫೋನು ಮಾಡಿದ್ದಳು. ಅತ್ತಳು. “ಎರ್ರಿ, ಕೂಸು ತಾಯಿ ಕೈಲೆ ತುತ್ತು ತೊಗೊಳವಲ್ದೋ. ನಾ ಕೊಟ್ರ ಉಣ್ತದ, ಡ್ರೈವರ್ ಸುಂಕಪ್ಪ ಬಾಳೆಹಣ್ಣು ಕೊಟ್ರ ತಿಂತದ. ಶೈಲಾ ಹತ್ರ ಬಂದ್ಳಂದ್ರ ಬಾಯಿ ಗಪ್ಪನ ಮುಚ್ಚತದ” ಅಂದಳು. ತುಟಿಯ ನೋವು ಅಂತ ನೀವೆಲ್ಲ ತಿಳಿದಿದ್ದೀರಂತೆ. ಹಲ್ಲಿನ ಕೆಲಸ ಅರ್ಧಕ್ಕೆ ನಿಂತಿದೆ, ದವಡೆ ಮತ್ತೆ ಬಾತಿದೆ, ಯುಗಾದಿ ಆದಮೇಲಿನ ಗುರುವಾರ ಹೊಸಪೇಟೆಗೆ ಮತ್ತೆ ಕರೆದುಕೊಂಡು ಹೋಗಬೇಕು ಅಂದಳು. ಕರೆದುಕೊಂಡು ಹೋಗುವುದೇನು, ಕಳಿಸುವುದು. “ಈ ಸಲ ಯಾರೂ ಹೋಗೋದು ಬ್ಯಾಡ. ಸುಂಕಪ್ಪ ಕಾರಿನ್ಯಾಗ ಕರಕೊಂಡು ಹೋಗಿ ಮುಗಿಸ್ಕೊಂಡು ಬರ್ತಾನ” ಅಂತ ಅಳಿಯಂದಿರು ಹೇಳಿದರಂತೆ. ನೀನು ಏನೂ ಅನ್ನಲಿಲ್ಲವಂತೆ.

ಶೈಲಾ, ಆರು ವರ್ಷದ ಕೂಸನ್ನು ಡ್ರೈವರನ ಜೊತೆ ಇಕ್ಕಳದ ಮುಂದೆ ಕಳಿಸುತ್ತೀಯಾ?

ಅವತ್ತು ಹಲ್ಲಿನ ಆಸ್ಪತ್ರೆಯಲ್ಲಿ ನೀನು ಕೆಳಗಿದ್ದೆ. ಮೇಲೆ ನಡೆದದ್ದನ್ನು ನಿನಗೆ ಡಾಕ್ಟರು ಒಂದು ರೀತಿ ಹೇಳಿದರು, ನಿನ್ನ ಯಜಮಾನರು ಇನ್ನೊಂದು ರೀತಿ ಹೇಳಿದರು. ನನ್ನನ್ನು ಯಾರೂ ಕೇಳಲಿಲ್ಲ. ಈಗ ಕೇಳು.

“ಕಂಪ್ಲಿ ತಾತ ಬಂದ್ರ ಮಾತ್ರ ಬರ್ತೀನಿ” ಅಂತ ಸಿಂಚನಾ ಹಠ ಹಿಡಿದದ್ದಕ್ಕೆ ನೀವು ನನ್ನನ್ನು ಹೊಸಪೇಟೆಗೆ ಕರೆಸಿದಿರಿ. ಕಾರಿನಲ್ಲಿ ಮಗು ನನ್ನ ಕಿವಿಯಲ್ಲಿ, “ತಾತಾ, ಕಿವಿ ಚುಚ್ಚಿದಂಗ ತೊಡಿ ಮ್ಯಾಲೆ ಕುಂದ್ರಿಸ್ಕೊಂತಿಯಲ್ಲ?” ಅಂತ ಕೇಳಿತು. ಹೂಂ ಅಂದೆ. ನಿನಗೆ ಅಣ್ಣ ತಮ್ಮಂದಿರಿಲ್ಲ. ಅದಕ್ಕೆ ನಿನ್ನ ಜವಳಕ್ಕೆ ಕೊಟ್ಟ ತೊಡೆಯನ್ನೇ ನಿನ್ನ ಮಗಳ ಜವಳಕ್ಕೂ ಕೊಟ್ಟೆ. ಕಿವಿ ಚುಚ್ಚುವ ದಿನ ಅದರ ಮುಖ ನನ್ನ ಎದೆಗೆ ಒತ್ತಿಕೊಂಡು, ಸೂಜಿ ಇಳಿಯುವ ಹೊತ್ತಿಗೆ ಬಾಯಿಗೆ ಬೆಲ್ಲದ ಚೂರು ಇಟ್ಟಿದ್ದೆ. ನಮ್ಮಲ್ಲಿ ಕತ್ತಿ ಸೂಜಿ ಕಾಣುವ ಮಗು ಒಬ್ಬರ ತೊಡೆಯ ಮೇಲೆ ಕೂತೇ ಕಾಣಬೇಕು.

ಅಲ್ಲಿ ನೋಡಿದರೆ ಬಾಗಿಲಿಗೆ ಬೋರ್ಡು. ತಂದೆತಾಯಿಗಳು ಹೊರಗೆ ಕೂಡಬೇಕು. ನಾನಾದರೂ ಒಳಗೆ ಬರಲೇ ಅಂತ ಕೇಳಿದ್ದಕ್ಕೆ ಅಲ್ಲಿನ ನರ್ಸಮ್ಮ, “ಹೆತ್ತವ್ರೇ ಹೊರಗ ಕುಂದರ್ತಾರ, ನೀವ್ಯಾರ್ರಿ ಅಜ್ಜಾರ?” ಅಂದಳು. ನೀನೂ ನಕ್ಕೆ. ಮಗುವನ್ನು ಒಳಗೆ ಬಿಟ್ಟು ಬಾಗಿಲು ಹಾಕಿದ ಕೂಡಲೇ ನೀನು, “ಮಾಮ, ನೀ ಇಲ್ಲೇ ಕುಂದ್ರು. ಕೆಳಗಿನ ಅಂಗಡ್ಯಾಗ ಟೈಲ್ಸ್ ನೋಡಿ ಜಲ್ದಿ ಬರ್ತೀವಿ” ಅಂದು ಯಜಮಾನರ ಹಿಂದೆ ಇಳಿದುಹೋದೆ. ಅಂದಹಾಗೆ ಯಾವ ಬಣ್ಣದ್ದು ಆರಿಸಿದಿರಿ? ಬಿಳಿಯದು ಅಂತ ಅಕ್ಕ ಹೇಳಿದಳು. ಸಂಡೂರಿನ ಕೆಂಪು ಧೂಳಿಗೆ ಬಿಳಿ ಟೈಲ್ಸು. ಒರೆಸುವವರಿದ್ದರೆ ಯಾವ ಬಣ್ಣವಾದರೇನು.

ಮೊದಲು ಸದ್ದಿರಲಿಲ್ಲ. ಆಮೇಲೆ ಅಳು. ಆಮೇಲೆ ಅದು ಅಳುವಾಗಿ ಉಳಿಯಲಿಲ್ಲ. ಬಾಯಿಗೆ ಏನೋ ತುರುಕಿದಾಗ ಬರುವ ಶಬ್ದ. ಹೊರಗೆ ಕೂತ ಬೇರೆ ತಾಯಂದಿರು ತಲೆ ತಗ್ಗಿಸಿದರು. ಒಬ್ಬಾಕೆ ತನ್ನ ಮಗನ ಕಿವಿ ಮುಚ್ಚಿದಳು. ನಾನು ಬಾಗಿಲು ಬಡಿದೆ, ತೆರೆಯಲಿಲ್ಲ. ದೂಡಿದೆ. ಒಳಗೆ ನರ್ಸಮ್ಮ ಕೈ ಹಿಡಿದಿದ್ದಳು, ಇನ್ನೊಬ್ಬ ಕಾಲು ಅದುಮಿದ್ದ. ಬಾಯಿ ಮುಚ್ಚದಂತೆ ಹಲ್ಲಿನ ನಡುವೆ ರಬ್ಬರಿನ ತುಂಡು. ಮಗು ಉಚ್ಚೆ ಹೊಯ್ದುಕೊಂಡಿತ್ತು.

ನಾನು ಏನು ಮಾಡಿದೆ ಗೊತ್ತೇ? ಸೀದಾ ಹೋಗಿ ಆ ಉದ್ದನೆಯ ಕುರ್ಚಿಯ ಮೇಲೆ ಹತ್ತಿ ಕೂತು, ಜವಳದ ದಿನ ಎಳೆದುಕೊಂಡ ಹಾಗೆ ಕೂಸನ್ನು ತೊಡೆಗೆ ಎಳೆದುಕೊಂಡೆ. ಅದು ನನ್ನ ಕಡೆ ಹೊರಳಿತು. ಡಾಕ್ಟರ ಕೈಯಲ್ಲಿದ್ದ ಕೊಕ್ಕೆ ತುಟಿಗೆ ತಗುಲಿ ಹರಿಯಿತು. “ಏನ್ರೀ, ಇದೇನು ಕ್ಷೌರದಂಗಡಿ ಅಂತ ತಿಳ್ಕೊಂಡೀರೇನು?” ಅಂತ ಡಾಕ್ಟರು ಕೂಗಿದರು. ಅವರು ಹೇಳಿದ್ದು ಸರಿ. ಅದು ಜವಳವಲ್ಲ, ಆ ಕುರ್ಚಿ ನನ್ನ ತೊಡೆಯಲ್ಲ. ರಕ್ತ ನನ್ನ ಅಂಗಿಯ ಮೇಲೆ ಬಿತ್ತು.

ನೀವು ಮೇಲೆ ಬಂದಿರಿ. ಮಗು ನನ್ನನ್ನು ಕೂಗಿತು, ಅದಕ್ಕೇ ಒಳಗೆ ಹೋದೆ ಅಂದೆ. ಅಷ್ಟು ಜನರ ಮುಂದೆ ಅಳಿಯಂದಿರು, “ಮಾವಾರ, ಬೆಲ್ಲ ತಿನ್ನಿಸಿ ಹಲ್ಲು ಹಾಳ ಮಾಡಿದವ್ರೂ ನೀವ, ಈಗ ತುಟಿ ಹರದವ್ರೂ ನೀವ. ಇನ್ನ ನಮ್ಮ ಮನಿ ಹೊಸ್ತಿಲ ದಾಟಬ್ಯಾಡ್ರಿ” ಅಂದರು. ನಾನು ನಿನ್ನ ಮುಖ ನೋಡಿದೆ. ನಿನ್ನ ಕೈಯಲ್ಲಿ ಟೈಲ್ಸಿನ ಒಂದು ಸ್ಯಾಂಪಲ್ ತುಂಡು ಇತ್ತು. ನೀನು ಅದನ್ನೇ ನೋಡುತ್ತಿದ್ದೆ. ನಾನು ಬಸ್ಸು ಹತ್ತಿ ಬಂದುಬಿಟ್ಟೆ. ಕಂಪ್ಲಿ ಬರುವ ತನಕ ಜನ ನನ್ನ ಅಂಗಿ ನೋಡಿದರು.

ಡಾಕ್ಟರದು ಪೂರ್ತಿ ತಪ್ಪು ಅನ್ನಲಾರೆ. ಪಾಲಯ್ಯನ ಮೊಮ್ಮಗ ಅಲ್ಲಿಗೇ ಒಬ್ಬನೇ ಹೋಗಿ ಹಲ್ಲು ಕಿತ್ತಿಸಿಕೊಂಡು ನಗುತ್ತ ಬಂದಿದ್ದಾನೆ. ತಾಯಿ ಹೆದರಿದರೆ ಮಗು ತಾಯಿಯ ಮುಖ ನೋಡಿ ಹೆದರುತ್ತದೆ, ಅದೂ ನಿಜ. ನಿನ್ನ ಜವಳದ ದಿನ ನಿನ್ನ ಅವ್ವ ಎಷ್ಟು ಅತ್ತಳೆಂದರೆ, ಅವಳನ್ನು ಹೊಳೆಯ ದಂಡೆಗೆ ಕಳಿಸಿ ಆಮೇಲೆ ಕತ್ತಿ ಹಿಡಿಸಿದೆವು. ಅದಕ್ಕೇ ಅಲ್ಲವೇ ಹಿರಿಯರು ತಾಯಿಯ ತೊಡೆ ಬಿಟ್ಟು ಸೋದರಮಾವನ ತೊಡೆ ಅಂತ ಮಾಡಿದ್ದು? ಅಳದ ತೊಡೆ ಬೇಕು ಅಂತ. ತೊಡೆಯೇ ಬೇಡ ಅಂತ ಯಾರೂ ಹೇಳಲಿಲ್ಲ.

ನಾನು ಬರುವುದಿಲ್ಲ. ಹೊಸ್ತಿಲು ದಾಟಬೇಡ ಅಂದಮೇಲೆ ದಾಟುವವನಲ್ಲ ನಾನು. ನೀನು ಹೋಗು. ಡಾಕ್ಟರ ಹತ್ತಿರ ಮೊದಲೇ ಮಾತಾಡಿ ಒಪ್ಪಿಸು. ಒಪ್ಪದಿದ್ದರೆ ಬಳ್ಳಾರಿಯಲ್ಲಿ ಬೇರೆ ಡಾಕ್ಟರಿದ್ದಾರೆ, ನಿಮಗೇನು ಕಾರಿಲ್ಲವೇ? ಒಳಗೆ ಹೋಗಿ ಕುರ್ಚಿಯ ಕಾಲ ಬಳಿ ಕೂಡು. ಅಳಬೇಡ, ಮಾತಾಡಬೇಡ, ಡಾಕ್ಟರ ಕೈಗೆ ಅಡ್ಡ ಹೋಗಬೇಡ. ಅದರ ಪಾದ ಹಿಡಿದುಕೋ, ಅಷ್ಟು ಸಾಕು. ಯಜಮಾನರು ಬೇಡ ಅಂದರೆ ಈ ಒಂದು ಸಲ ಮಾತು ಮೀರು. ಆ ದಿನ ನನ್ನ ಪರವಾಗಿ ಮಾತಾಡಲಿಲ್ಲ ಅಂತ ನನಗೆ ಬೇಸರವಿದೆ, ಸುಳ್ಳು ಹೇಳುವುದಿಲ್ಲ. ಆದರೆ ನಾನು ಮುದುಕ, ನನ್ನದು ನಡೆಯುತ್ತದೆ. ಕೂಸಿನ ಪರವಾಗಿಯೂ ಸುಮ್ಮನೆ ಕೂತರೆ ಹೇಗೆ?

ಈ ಸಲ ಯುಗಾದಿಗೆ ಬೆಲ್ಲ ಕಳಿಸುತ್ತಿಲ್ಲ. ಬೇವು ನಿಮ್ಮಲ್ಲೇ ಸಿಗುತ್ತದೆ.

ಅಕ್ಕನಿಗೆ ನಮಸ್ಕಾರ ತಿಳಿಸು. ಅಳಿಯಂದಿರಿಗೂ. ಸಿಂಚನಾಳಿಗೆ ತಾತ ಕೇಳಿದ ಅಂತ ಹೇಳು, ಹೇಳಬಹುದಾದರೆ.

ಇಂತಿ ನಿನ್ನ ಮಾಮ,
ಎರ್ರಿಯಪ್ಪ

ತಾ.ಕ.: ಕಾಗದ ಮಡಿಚಿದ್ದೆ, ಮತ್ತೆ ಬಿಚ್ಚಿದೆ. “ಮಗು ತಾತ ತಾತ ಅಂತ ಕೂಗಿತು, ಅದಕ್ಕೇ ಒಳಗೆ ಹೋದೆ” ಅಂತ ಅವತ್ತು ಎಲ್ಲರ ಮುಂದೆ ಹೇಳಿದೆನಲ್ಲ, ಅದು ಸುಳ್ಳು. ಅದು ಕೂಗಿದ್ದು ಅಮ್ಮಾ ಅಂತ. ತೊಡೆಗೆ ಎಳೆದುಕೊಂಡಾಗ ರಬ್ಬರಿನ ತುಂಡು ಉಗುಳಿ, ರಕ್ತದ ಬಾಯಲ್ಲೇ, “ಅಮ್ಮ ಎಲ್ಲಿ?” ಅಂತ ಕೇಳಿತು. ಟೈಲ್ಸ್ ನೋಡಲು ಹೋಗಿದ್ದಾಳೆ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ನಿನ್ನ ಮಾನ ಉಳಿಸಲು, “ಇಲ್ಲೇ ಬಾಗ್ಲಾಗ ನಿಂತಾಳವ್ವ, ಅವಾಗ್ಲಿಂದ ಇಲ್ಲೇ ಅದಾಳ” ಅಂದೆ. ಅದು ಬಾಗಿಲ ಕಡೆ ನೋಡಿತು. ನೀನು ಅದೇ ಹೊತ್ತಿಗೆ ಬಂದು ಬಾಗಿಲಲ್ಲಿ ನಿಂತೆ. ಮಗು ನಿನ್ನನ್ನು ಕಂಡು ಬಾಯಿ ಮುಚ್ಚಿತು. ಅಕ್ಕ ಫೋನಿನಲ್ಲಿ ಇನ್ನೊಂದು ಮಾತು ಹೇಳಿದಳು. “ಅಜ್ಜಿ, ಅಮ್ಮ ಬಾಗ್ಲಾಗ ನಿಂತು ಎಲ್ಲಾ ಕೇಳಿಸ್ಕೊಂಡ್ಳು, ಹೌದಿಲ್ಲೋ?” ಅಂತ ಕೂಸು ದಿನಾ ಕೇಳುತ್ತದಂತೆ. ಅಕ್ಕನಿಗೆ ತಿಳಿಯಲಿಲ್ಲ, ನನಗೆ ತಿಳಿಯಿತು. ಶೈಲಾ, ಅದರ ತುಟಿ ನೋಯುತ್ತಿಲ್ಲ. ನೀನು ಅಲ್ಲಿರಲಿಲ್ಲ ಅಂತ ಅದಕ್ಕೆ ನೀನೇ ಹೇಳು. ಕೇಳಿಸಿಕೊಂಡೂ ಒಳಗೆ ಬಾರದ ತಾಯಿಗಿಂತ, ಕೇಳಿಸದಷ್ಟು ದೂರ ಇದ್ದ ತಾಯಿ ಮೇಲು. ಹೇಳಿದಮೇಲೆ ನಿನ್ನ ಕೈ ತುತ್ತು ತಿಂದಿತೋ ಇಲ್ಲವೋ, ಗುರುವಾರದೊಳಗೆ ನನಗೆ ಬೇಗ ಬರೆ. ಒಂದು ಸಾಲು ಸಾಕು.